ಬಳ್ಳಾರಿ ಸೀಮೆಗೆ ಹೋದರೆ ರಾತ್ರಿ ಎಲ್ಲಿ ತಂಗಬೇಕು?

ಬಳ್ಳಾರಿ ಸೀಮೆ ನೋಡಲು ಹೊರಟವರಲ್ಲಿ ಹೆಚ್ಚಿನವರು ರಾತ್ರಿ ಕಳೆಯುವುದು ಹೊಸಪೇಟೆಯಲ್ಲಿ. ಹಂಪಿ ಹತ್ತಿರ, ತುಂಗಭದ್ರಾ ಅಣೆಕಟ್ಟು ಹತ್ತಿರ, ಎಲ್ಲ ದರದ ವಸತಿಗೃಹಗಳೂ ಅಲ್ಲಿವೆ. ಹಾಗಾಗಿ ಬಳ್ಳಾರಿ ನಗರ ಒಂದು ಮಧ್ಯಾಹ್ನದ ಭೇಟಿಗೆ ಇಳಿಯುತ್ತದೆ. ಕುರುಗೋಡು ‘ದಾರಿಯಲ್ಲಿ ಸಮಯ ಸಿಕ್ಕರೆ’ ಎಂಬ ಪಟ್ಟಿಗೆ ಸೇರುತ್ತದೆ. ಸಿರುಗುಪ್ಪದ ಹೆಸರಂತೂ ಪ್ರವಾಸದ ಯೋಜನೆಯಲ್ಲಿ ಬರುವುದೇ ಇಲ್ಲ. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರೂಪುಗೊಂಡ ಮೇಲೆ ಹಂಪಿಯೂ ಆ ಜಿಲ್ಲೆಗೆ ಹೋಯಿತು. ಈಗಿನ ಬಳ್ಳಾರಿ ಜಿಲ್ಲೆಯಲ್ಲಿ ಉಳಿದಿರುವುದು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳು. ಇವುಗಳಲ್ಲಿ ನೋಡಬೇಕಾದ್ದನ್ನು ಹೊಸಪೇಟೆಯಲ್ಲಿ ಕುಳಿತು ನೋಡಲಾಗದು.

ಯುರೋಪಿನಲ್ಲೂ ಇಂಥ ಜೋಡಿ ಊರುಗಳಿವೆ. ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ ಮತ್ತು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ನಡುವೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ವಿಯೆನ್ನಾದಲ್ಲಿ ಕೋಣೆ ಹಿಡಿದವರು ಬೆಳಿಗ್ಗೆ ಹೋಗಿ ಗುಡ್ಡದ ಮೇಲಿನ ಕೋಟೆ, ಕೆಳಗಿನ ಹಳೆಯ ಪಟ್ಟಣ ನೋಡಿ ಸಂಜೆಗೆ ಮರಳುತ್ತಾರೆ. ಚಿಕ್ಕ ರಾಜಧಾನಿಯ ಬೆಳಗು ಮತ್ತು ಇರುಳು ಅವರಿಗೆ ದಕ್ಕುವುದಿಲ್ಲ. ಬಳ್ಳಾರಿ ಮತ್ತು ಹೊಸಪೇಟೆಯ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ, 60 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಬ್ರಾಟಿಸ್ಲಾವಾದಂತೆ ಬಳ್ಳಾರಿಯೂ ಕೋಟೆಗುಡ್ಡದ ಸುತ್ತ ಬೆಳೆದ, ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿರುವ ನಗರ. ಆದರೆ ಬಳ್ಳಾರಿಯಲ್ಲಿ ಬೆಳಗಿನ ಹೊತ್ತನ್ನು ಕಳೆದುಕೊಂಡರೆ ಆಗುವ ನಷ್ಟ ಇನ್ನೂ ದೊಡ್ಡದು, ಏಕೆಂದರೆ ಇಲ್ಲಿ ಬಿಸಿಲು ಬೇರೆ ಥರದ್ದು.

ಈ ಸೀಮೆಯಲ್ಲಿ ತಂಗುವ ಜಾಗವನ್ನು ಮೊದಲು ತೀರ್ಮಾನಿಸುವುದು ಬಿಸಿಲೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ನೋಡಬೇಕಾದ ಜಾಗಗಳೆಲ್ಲ ಬೋಳುಬಂಡೆಯ ಗುಡ್ಡಗಳ ಮೇಲೋ ಬುಡದಲ್ಲೋ ಇವೆ: ಬಳ್ಳಾರಿಯ ಕೋಟೆ, ಸಂಗನಕಲ್ಲು ಮತ್ತು ಕುಪ್ಪಗಲ್ಲು ಗುಡ್ಡಗಳು, ಕುರುಗೋಡಿನ ಹಳೆಯ ಕೋಟೆ, ತೆಕ್ಕಲಕೋಟೆಯ ಬೆಟ್ಟಸಾಲು. ಹತ್ತು ಗಂಟೆಯ ಮೇಲೆ ಬಂಡೆ ಕಾಯಲು ಶುರುವಾದರೆ ಸಂಜೆ ಐದರವರೆಗೆ ಅಲ್ಲಿ ನಿಲ್ಲುವುದು ಕಷ್ಟ. ಚಳಿಗಾಲದಲ್ಲೂ ಮಧ್ಯಾಹ್ನದ ಏರು ದಣಿಸುತ್ತದೆ. ಬೆಳಿಗ್ಗೆ ಆರಕ್ಕೆ ಗುಡ್ಡದ ಬುಡದಲ್ಲಿ ಇರಬೇಕೆಂದರೆ ಹಿಂದಿನ ರಾತ್ರಿ ಅಲ್ಲೇ ಸಮೀಪದಲ್ಲಿ ಮಲಗಿರಬೇಕು. ಹೊಸಪೇಟೆಯಿಂದ ತಿಂಡಿ ಮುಗಿಸಿ ಹೊರಟವರು ಕೋಟೆಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ.

ಬಳ್ಳಾರಿ ನಗರವನ್ನು ಎರಡು ಗುಡ್ಡಗಳು ಗುರುತಿಸಿ ಕೊಡುತ್ತವೆ. ಒಂದು ಕೋಟೆ ಇರುವ ಬಳ್ಳಾರಿ ಗುಡ್ಡ, ಇನ್ನೊಂದು ಕುಂಬಾರ ಗುಡ್ಡ. ಮೇಲಿನ ಕೋಟೆಯನ್ನು ವಿಜಯನಗರದ ಅಧೀನನಾಗಿದ್ದ ಹನುಮಪ್ಪ ನಾಯಕ ಕಟ್ಟಿಸಿದ. 18ನೇ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿ ಅದನ್ನು ಗೆದ್ದು ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೆಳಗಿನ ಕೋಟೆ ಕಟ್ಟಿಸಿದ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರದಲ್ಲಿದೆ ಎಂಬುದನ್ನು ಗಮನಿಸದೆ ಹೋದದ್ದಕ್ಕೆ ಆ ಎಂಜಿನಿಯರನನ್ನು ಗಲ್ಲಿಗೇರಿಸಲಾಯಿತು ಎಂಬ ಕಥೆ ಊರಿನಲ್ಲಿ ಇಂದಿಗೂ ನಡೆದುಬಂದಿದೆ. 1800ರಲ್ಲಿ ನಿಜಾಮನಿಂದ ಈ ಪ್ರದೇಶ ಬ್ರಿಟಿಷರ ಕೈಸೇರಿತು, ಥಾಮಸ್ ಮನ್ರೋ ಇಲ್ಲಿನ ಮುಖ್ಯ ಕಲೆಕ್ಟರನಾಗಿ ಬಂದ. ಕೋಟೆಯಾಚೆ ದಂಡಿನ ಪ್ರದೇಶವಾಗಿ ಕಂಟೋನ್ಮೆಂಟ್ ಬೆಳೆಯಿತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಕೋಟೆಯ ಊರು, ಪೇಟೆಯ ಊರು, ದಂಡಿನ ಊರು ಎಂಬ ಈ ಮೂರು ಭಾಗಗಳು ಇಂದಿಗೂ ಬೇರೆಬೇರೆಯಾಗಿ ಕಾಣುತ್ತವೆ. ಕೋಣೆ ಹುಡುಕುವವರು ಈ ವಿಂಗಡಣೆಯನ್ನೇ ಆಧಾರ ಮಾಡಿಕೊಳ್ಳುವುದು ಲೇಸು.

ರೈಲು ನಿಲ್ದಾಣದಿಂದ ರಾಯಲ್ ವೃತ್ತದವರೆಗಿನ ಸ್ಟೇಷನ್ ರಸ್ತೆ ಮತ್ತು ಅದರ ಅಕ್ಕಪಕ್ಕ ಪೇಟೆಯ ಭಾಗ. ಹಳೆಯ ಲಾಡ್ಜ್‌ಗಳೂ ಹೊಸ ಹೋಟೆಲುಗಳೂ ಇಲ್ಲಿ ಒತ್ತೊತ್ತಾಗಿವೆ. ವಾಹನವಿಲ್ಲದೆ ಬಂದವರಿಗೆ ಇದಕ್ಕಿಂತ ಅನುಕೂಲದ ಜಾಗವಿಲ್ಲ. ಹುಬ್ಬಳ್ಳಿ–ಮೈಸೂರು ನಡುವಿನ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬಂದಿಳಿದವರು ಆಟೊ ಇಲ್ಲದೆಯೂ ಕೋಣೆ ಸೇರಬಹುದು. ಬೆಳಗಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಕೈಗೆಟುಕುವಲ್ಲಿ ಸಿಗುತ್ತವೆ. ಮಧ್ಯಾಹ್ನಕ್ಕೆ ಜೋಳದ ರೊಟ್ಟಿಯ ಖಾನಾವಳಿಗಳಿವೆ. ಅನನುಕೂಲವೆಂದರೆ ಸದ್ದು. ರಸ್ತೆಗೆ ಮುಖ ಮಾಡಿದ ಕೋಣೆಯಲ್ಲಿ ರಾತ್ರಿ ಹನ್ನೊಂದರವರೆಗೆ ಹಾರ್ನ್ ತಪ್ಪದು, ನಾಲ್ಕಕ್ಕೆ ಮತ್ತೆ ಶುರು. ಹಿಂಬದಿಯ ಕೋಣೆ ಕೇಳಿ ಪಡೆಯುವುದು ಒಳ್ಳೆಯದು.

ಕೋಟೆಯ ಪ್ರದೇಶದಲ್ಲಿ ಸರ್ಕಾರಿ ಕಚೇರಿ, ದೇವಸ್ಥಾನ, ಹಳೆಯ ಮನೆಗಳು ಹೆಚ್ಚು, ತಂಗುವ ವ್ಯವಸ್ಥೆ ಕಡಿಮೆ. ಆದರೂ ಕೋಟೆಯ ಬುಡಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಕೋಣೆ ಸಿಕ್ಕರೆ ಬಿಡಬಾರದು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳನ್ನು ಆತುರವಿಲ್ಲದೆ ಹತ್ತಿ ಇಳಿಯಲು ಎರಡು ಗಂಟೆ ಬೇಕು. ಮೇಲಿನಿಂದ ಇಡೀ ಊರು, ಅದನ್ನು ಸೀಳಿಕೊಂಡು ಹೋಗುವ ರೈಲು ಹಳಿ, ದೂರದ ಸಂಡೂರು ಬೆಟ್ಟಸಾಲು ಒಟ್ಟಿಗೆ ಕಾಣುವುದು ಬೆಳಗಿನ ತಿಳಿಬೆಳಕಿನಲ್ಲಿ ಮಾತ್ರ.

ಕಂಟೋನ್ಮೆಂಟ್ ಕಡೆ ರಸ್ತೆಗಳು ಅಗಲ, ಮರಗಳಿವೆ, ಗದ್ದಲ ಕಡಿಮೆ. ಕುಟುಂಬ ಸಮೇತ ಕಾರಿನಲ್ಲಿ ಬಂದವರಿಗೆ ಇದು ಹೊಂದುತ್ತದೆ. ಆದರೆ ಈ ಭಾಗದಲ್ಲೇ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ವಿಮ್ಸ್ ಎಂಬ ಹೆಸರಿದ್ದ ಸರ್ಕಾರಿ ಆಸ್ಪತ್ರೆ ಇದೆ. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭವಾದ ಅದಕ್ಕೆ ಸುತ್ತಲಿನ ಜಿಲ್ಲೆಗಳಿಂದ, ಆಂಧ್ರದ ಗಡಿಯ ಊರುಗಳಿಂದ ರೋಗಿಗಳು ಬರುತ್ತಾರೆ. ಅವರ ಜೊತೆ ಬಂದವರು ಸುತ್ತಲಿನ ಅಗ್ಗದ ಲಾಡ್ಜ್‌ಗಳಲ್ಲಿ ವಾರಗಟ್ಟಲೆ ಉಳಿಯುತ್ತಾರೆ. ಅವರಿಗೆ ಆ ಕೋಣೆಗಳು ಪ್ರವಾಸಿಗರಿಗಿಂತ ಹೆಚ್ಚು ಅಗತ್ಯ. ಸ್ವಲ್ಪ ಹೆಚ್ಚು ಕೊಡಬಲ್ಲ ಪ್ರವಾಸಿ ಬೇರೆ ಬೀದಿಯಲ್ಲಿ ಕೋಣೆ ಹಿಡಿಯುವುದೇ ಸರಿ.

ಯಾವ ಭಾಗವಾದರೂ ಬಳ್ಳಾರಿಯಲ್ಲಿ ಹಣ ಕೊಡುವ ಮುಂಚೆ ಕೇಳಬೇಕಾದ ಎರಡು ವಿಷಯಗಳಿವೆ. ಮೊದಲನೆಯದು ನೀರು. ನಗರಕ್ಕೆ ಬರುವುದು ತುಂಗಭದ್ರಾ ಕಾಲುವೆಯ ನೀರು. ಅದನ್ನು ಮೋಕಾ ಮತ್ತು ಅಲ್ಲೀಪುರದ ಕೆರೆಗಳಲ್ಲಿ ತುಂಬಿಸಿಟ್ಟು ಕೆಲವು ದಿನಗಳಿಗೊಮ್ಮೆ ಬಡಾವಣೆಗಳಿಗೆ ಬಿಡಲಾಗುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ವಸತಿಗೃಹಗಳು ಟ್ಯಾಂಕರ್ ಅಥವಾ ಕೊಳವೆಬಾವಿಯನ್ನು ನೆಚ್ಚಿಕೊಳ್ಳುತ್ತವೆ. ಎರಡನೆಯದು ಮಹಡಿ. ಕೊನೆಯ ಮಹಡಿಯ ಕೋಣೆಯ ಸೂರು ಹಗಲೆಲ್ಲ ಕಾದು ನಡುರಾತ್ರಿಯವರೆಗೆ ಧಗೆ ಇಳಿಸುತ್ತಲೇ ಇರುತ್ತದೆ. ಅದರ ಬಾಡಿಗೆ ಕಡಿಮೆ ಇದ್ದರೆ ಕಾರಣ ಸಾಮಾನ್ಯವಾಗಿ ಇದೇ. ರೈಲು ಹಳಿ ಊರನ್ನು ಎರಡು ಭಾಗ ಮಾಡಿರುವುದರಿಂದ ದುರ್ಗಮ್ಮ ಗುಡಿಯ ಅಂಡರ್‌ಬ್ರಿಡ್ಜ್ ಮಳೆಯಲ್ಲಿ ತುಂಬಿದರೆ ಆಚೀಚೆ ಹೋಗುವುದೂ ತಾಪತ್ರಯ. ಮಳೆಗಾಲದಲ್ಲಿ ಬರುವವರು ತಾವು ಹೆಚ್ಚು ಓಡಾಡುವ ಬದಿಯಲ್ಲೇ ಕೋಣೆ ಹಿಡಿಯಬೇಕು.

ಬಳ್ಳಾರಿಯಲ್ಲಿ ಎರಡು ರಾತ್ರಿ ಉಳಿಯುವಷ್ಟು ಏನಿದೆ ಎಂದು ಕೇಳುವವರಿಗೆ ಸಂಗನಕಲ್ಲು ಉತ್ತರ. ನಗರದ ಅಂಚಿನಲ್ಲೇ ಇರುವ ಈ ಗುಡ್ಡಗಳಲ್ಲಿ ನವಶಿಲಾಯುಗದ ಜನ ದನ ಕಟ್ಟಿ, ಕಲ್ಲಿನ ಕೊಡಲಿ ತಯಾರಿಸಿ, ಬಂಡೆಯ ಮೇಲೆ ಚಿತ್ರ ಕುಟ್ಟಿ ಬದುಕಿದ್ದರು. ಎಫ್. ಫಾಸೆಟ್ 1892ರಲ್ಲೇ ಕುಪ್ಪಗಲ್ಲಿನ ಬಗ್ಗೆ ಬರೆದ, ರಾಬರ್ಟ್ ಬ್ರೂಸ್ ಫುಟ್ ಇಲ್ಲಿ ಶೋಧ ನಡೆಸಿದ. ಬಿ. ಸುಬ್ಬರಾವ್ 1940ರ ದಶಕದಲ್ಲಿ ಉತ್ಖನನ ಮಾಡಿದರು. ಬಡಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳು ಕುಪ್ಪಗಲ್ಲಿನಲ್ಲಿವೆ. ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರ ಪರಿಶ್ರಮದಿಂದ ಫುಟ್ ಹೆಸರಿನ ವಸ್ತುಸಂಗ್ರಹಾಲಯವೂ ಬಳ್ಳಾರಿಯಲ್ಲಿ ತಲೆಯೆತ್ತಿದೆ. ಕಲ್ಲು ಗಣಿಗಾರಿಕೆ ಈ ಗುಡ್ಡಗಳ ಒಂದು ಪಾಲನ್ನು ಈಗಾಗಲೇ ನುಂಗಿದೆ. ಉಳಿದದ್ದನ್ನು ನೋಡಲು ಜನ ಬರುವುದು ಹೆಚ್ಚಿದಷ್ಟೂ ಅದನ್ನು ಉಳಿಸಿಕೊಳ್ಳುವ ಒತ್ತಾಯಕ್ಕೆ ಬಲ ಬಂದೀತು. ಒಂದು ಬೆಳಗು ಕೋಟೆಗೆ, ಮರುದಿನದ ಬೆಳಗು ಸಂಗನಕಲ್ಲಿಗೆ, ನಡುವಿನ ಮಧ್ಯಾಹ್ನ ವಸ್ತುಸಂಗ್ರಹಾಲಯಕ್ಕೆ ಎಂದು ಹಂಚಿಕೊಂಡರೆ ಎರಡು ರಾತ್ರಿ ಹೆಚ್ಚೇನಲ್ಲ.

ಕುರುಗೋಡು ಬಳ್ಳಾರಿಯಿಂದ ವಾಯವ್ಯಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿದೆ. ಇಂದು ಸಣ್ಣ ತಾಲ್ಲೂಕು ಕೇಂದ್ರವಾದ ಇದು ಒಂದು ಕಾಲದ ನಿಜವಾದ ರಾಜಧಾನಿ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರ ಒಂದು ಶಾಖೆ ಇಲ್ಲಿಂದ ಬಳ್ಳಕುಂದೆ ನಾಡನ್ನು ಆಳಿತು. 12ನೇ ಶತಮಾನದ ಸಿಂದ ಅರಸ ರಾಚಮಲ್ಲನ ಕಾಲದ ಶಾಸನಗಳು ಇಲ್ಲಿ ದೊರೆತಿವೆ. ಗುಡ್ಡದ ಬುಡದ ಹಳೆಯ ಊರಿನಲ್ಲಿ ಚಾಲುಕ್ಯ ಶೈಲಿಯ ಗುಡಿಗಳು ಸಾಲಾಗಿ ನಿಂತಿವೆ, ಮೇಲೆ ಕೋಟೆಯ ಗೋಡೆಗಳಿವೆ. ಹೆಚ್ಚಿನ ಭಕ್ತರು ಬರುವುದು ದೊಡ್ಡಬಸವೇಶ್ವರನ ಗುಡಿಗೆ. ಅಲ್ಲಿ ಸುಮಾರು 12 ಅಡಿ ಎತ್ತರದ ಏಕಶಿಲೆಯ ಬಸವಣ್ಣ ಗರ್ಭಗುಡಿಯನ್ನು ತುಂಬಿಕೊಂಡು ಕುಳಿತಿದ್ದಾನೆ. ದರ್ಶನ ಮುಗಿಸಿದವರಲ್ಲಿ ಹಳೆಯ ಊರಿನ ಗುಡಿಗಳತ್ತ ಹೆಜ್ಜೆ ಹಾಕುವವರು ಕಡಿಮೆ. ಇಂಥ ಇನ್ನೊಂದು ಸಾಲು ಬಾದಾಮಿಯ ಸುತ್ತ ಇದ್ದಿದ್ದರೆ ಬಸ್ಸುಗಟ್ಟಲೆ ಜನ ಇಳಿಯುತ್ತಿದ್ದರು.

ಕುರುಗೋಡಿನಲ್ಲಿ ಪ್ರವಾಸಿಗರಿಗೆಂದೇ ಬೆಳೆದ ವಸತಿ ಉದ್ಯಮವಿಲ್ಲ. ಆದ್ದರಿಂದ ಬಳ್ಳಾರಿಯಲ್ಲೇ ಉಳಿದು ಬೆಳಗಿನ ಮೊದಲ ಬಸ್ಸಿಗೋ ಬಾಡಿಗೆ ಕಾರಿಗೋ ಹೊರಡುವುದು ಜಾಣತನ. ರೈಲು ಇಲ್ಲಿಗೆ ಬರುವುದಿಲ್ಲ. ಮಾರ್ಚ್ ಸುಮಾರಿಗೆ ನಡೆಯುವ ದೊಡ್ಡಬಸವೇಶ್ವರನ ರಥೋತ್ಸವಕ್ಕೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಸುತ್ತಲಿನ ಹಳ್ಳಿಗಳ ಜನ ನೆಂಟರ ಮನೆ, ಗುಡಿಯ ಆವರಣ, ಕಲ್ಯಾಣ ಮಂಟಪ ಎಂದು ಇದ್ದಲ್ಲೇ ಇರುಳು ಕಳೆಯುತ್ತಾರೆ. ಊರಿನಲ್ಲಿ ಪರಿಚಯದ ಮನೆಯಿದ್ದರೆ ಆ ದಿನಗಳಲ್ಲಿ ಅಲ್ಲೇ ಉಳಿಯಬೇಕು. ತೇರು ಎಳೆದ ಮೇಲಿನ ಗುಂಪಿನಲ್ಲಿ ಬಳ್ಳಾರಿಗೆ ಮರಳುವ ವಾಹನ ಹುಡುಕುವುದು ಸುಲಭವಲ್ಲ. ಪರಿಚಯವಿಲ್ಲದವರು ಹಗಲಿನಲ್ಲೇ ಹಿಂದಿರುಗುವ ವ್ಯವಸ್ಥೆ ಮಾಡಿಕೊಂಡಿರಬೇಕು.

ಸಿರುಗುಪ್ಪ ಇನ್ನೂ ಉತ್ತರಕ್ಕೆ, ಬಳ್ಳಾರಿಯಿಂದ ಸುಮಾರು 55 ಕಿ.ಮೀ. ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಇದೆ. ತುಂಗಭದ್ರೆಯ ಸೀಮೆ. ವಿಜಯನಗರ ಕಾಲದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು ಕಾಲುವೆಗಳೂ ಸೇರಿವೆ. ಭತ್ತ, ಅಕ್ಕಿ ಗಿರಣಿ, ಕೃಷಿ ಸಂಶೋಧನಾ ಕೇಂದ್ರ ಇವೇ ಊರಿನ ಗುರುತು. ಇಲ್ಲಿನ ಲಾಡ್ಜ್‌ಗಳು ಅಕ್ಕಿ ವ್ಯಾಪಾರಿಗಳಿಗೂ ಬೀಜ, ಗೊಬ್ಬರ ಕಂಪನಿಗಳ ಪ್ರತಿನಿಧಿಗಳಿಗೂ ಎಂದು ಇರುವಂಥವು: ಸರಳ, ಅಗ್ಗ, ಕೊಯ್ಲಿನ ಕಾಲಕ್ಕೆ ಭರ್ತಿ. ಸರ್ಕಾರಿ ಪ್ರವಾಸಿ ಮಂದಿರದಲ್ಲಿ ಕೋಣೆ ಬೇಕಿದ್ದರೆ ಲೋಕೋಪಯೋಗಿ ಇಲಾಖೆಯಿಂದ ಮೊದಲೇ ಅನುಮತಿ ಪಡೆದಿರಬೇಕು. ಅಧಿಕಾರಿಗಳ ಭೇಟಿ ಇದ್ದರೆ ಅದು ಕೈತಪ್ಪುವುದೂ ಉಂಟು. ಗದ್ದೆಗಳ ನಡುವಿನ ಊರಾದ್ದರಿಂದ ಸೊಳ್ಳೆಪರದೆ ಜೊತೆಗಿರಬೇಕು.

ಅಲ್ಲಿ ಒಂದು ರಾತ್ರಿ ಉಳಿಯುವುದು ಯಾರಿಗೆ ಸಾರ್ಥಕ? ಅಶೋಕನ ಶಾಸನಗಳನ್ನು ಹುಡುಕಿ ಹೋಗುವವರಿಗೆ. ಈ ಕಡೆಯ ನಿಟ್ಟೂರು ಮತ್ತು ಉಡೇಗೋಳದ ಬಂಡೆಶಾಸನಗಳಲ್ಲಿ ಅಶೋಕನ ಹೆಸರೇ ಕಾಣುತ್ತದೆ. ದೇಶದಲ್ಲಿ ಹಾಗಿರುವುದು ಮಸ್ಕಿ, ಗುಜರ್ರಾ ಸೇರಿ ಕೆಲವೇ ಕಡೆ. ಹೆದ್ದಾರಿಯಲ್ಲೇ ಸಿಗುವ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ನವಶಿಲಾಯುಗದ ನೆಲೆಯನ್ನು ಅಗೆದು ತೆಗೆದರು. ಇವನ್ನೆಲ್ಲ ಒಂದೇ ದಿನದಲ್ಲಿ ಬಳ್ಳಾರಿಯಿಂದ ಹೋಗಿಬಂದು ನೋಡಲು ಹೊರಟರೆ ನಡುಹಗಲು ಬಂಡೆಯ ಮೇಲೆ ಕಳೆಯಬೇಕಾಗುತ್ತದೆ. ಮುಂದೆ ಸಿಂಧನೂರು, ಮಸ್ಕಿ ಕಡೆ ಹೋಗುವವರಿಗೂ ಸಿರುಗುಪ್ಪ ಸಹಜವಾದ ತಂಗುದಾಣ. ಉಳಿದವರು ಹಗಲಲ್ಲಿ ನೋಡಿ ಮರಳಿದರೆ ನಷ್ಟವಿಲ್ಲ.

ಹಂಪಿಯನ್ನೂ ಸೇರಿಸಿಕೊಳ್ಳುವವರು ಅದಕ್ಕೆ ಬೇರೆ ರಾತ್ರಿಗಳನ್ನೇ ಎತ್ತಿಡಬೇಕು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ತೆರವುಗೊಳಿಸಲಾಗಿದೆ. ಹಳೆಯ ಪ್ರವಾಸ ಪುಸ್ತಕ ಹಿಡಿದು ಬಂದವರು ಅಲ್ಲಿ ಕೋಣೆ ಹುಡುಕಿ ಪ್ರಯೋಜನವಿಲ್ಲ. ಹಂಪಿ ಉತ್ಸವ ಮತ್ತು ಸಾಲುರಜೆಗಳಲ್ಲಿ ಕಮಲಾಪುರ, ಹೊಸಪೇಟೆ ತುಂಬಿದಾಗ ಉಳಿದ ಜನ ಬಳ್ಳಾರಿಗೂ ಹರಿದುಬರುತ್ತಾರೆ. ಕನಕದುರ್ಗಮ್ಮನ ಸಿಡಿಬಂಡಿ ಉತ್ಸವದ ದಿನಗಳಲ್ಲೂ ನಗರದಲ್ಲಿ ಕೋಣೆ ಸಿಗುವುದು ಕಷ್ಟ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಬರುವವರಿಂದಾಗಿ ಒಳ್ಳೆಯ ಹೋಟೆಲುಗಳು ವಾರದ ದಿನಗಳಲ್ಲೇ ಹೆಚ್ಚು ತುಂಬಿರುತ್ತವೆ. ಶನಿವಾರ, ಭಾನುವಾರ ಚೌಕಾಸಿಗೆ ಅವಕಾಶವಿದೆ.

ವಿದೇಶದಿಂದ ಬರುವ ಕನ್ನಡ ಕುಟುಂಬಗಳು ಇನ್ನೊಂದನ್ನು ಮೊದಲೇ ವಿಚಾರಿಸಬೇಕು. ವಿದೇಶಿ ಪ್ರಜೆ ತಂಗಿದರೆ ವಸತಿಗೃಹದವರು 24 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮವಿದೆ. ಆ ವ್ಯವಸ್ಥೆ ಮಾಡಿಕೊಂಡಿರದ ಸಣ್ಣ ಲಾಡ್ಜ್‌ಗಳು ವಿದೇಶಿ ಪಾಸ್‌ಪೋರ್ಟ್ ಕಂಡರೆ ಕೋಣೆ ಇಲ್ಲ ಎನ್ನುತ್ತವೆ. ಅಂಥವರು ಬಳ್ಳಾರಿಯ ದೊಡ್ಡ ಹೋಟೆಲನ್ನೋ ತೋರಣಗಲ್ಲು ಸಮೀಪದ ವಿದ್ಯಾನಗರವನ್ನೋ ಆರಿಸಿಕೊಂಡು, ಕುರುಗೋಡು ಮತ್ತು ಸಿರುಗುಪ್ಪಕ್ಕೆ ಅಲ್ಲಿಂದಲೇ ಹೋಗಿಬರುವುದು ಸುರಕ್ಷಿತ. ವಿದ್ಯಾನಗರದಿಂದಾದರೆ ಬೆಳಿಗ್ಗೆ ಅರ್ಧ ಗಂಟೆಯಷ್ಟಾದರೂ ಮುಂಚೆ ಹೊರಡಬೇಕಾಗುತ್ತದೆ.