ಹುದ್ದೆ ಹೋಯ್ತು, ಕಲಿತದ್ದು ಹೋಗಲಿಲ್ಲ

ಕೆಲಸ ಕಳೆದುಕೊಂಡವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: "ಏನಾದ್ರೂ ಹೊಸ ಕೋರ್ಸ್ ಮಾಡ್ಬಿಡು." ಡೇಟಾ ಸೈನ್ಸ್, ಕ್ಲೌಡ್, ಎಐ... ಪಟ್ಟಿ ಮುಗಿಯೋದೇ ಇಲ್ಲ. ನನಗೂ ಇದೇ ಸಿಕ್ಕಿತು.

ಬೆಂಗಳೂರಿನ ಕಂಪನಿಯೊಂದರಲ್ಲಿ 8 ವರ್ಷ ಮ್ಯಾನ್ಯುಯಲ್ ಟೆಸ್ಟರ್ ಆಗಿದ್ದೆ. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಒಂದೊಂದೇ ಸ್ಕ್ರೀನ್ ತೆರೆದು ದೋಷ ಹುಡುಕುವ ಕೆಲಸ. ಮೊದಲು ಆಟೊಮೇಷನ್ ಬಂತು, ಆಮೇಲೆ ಟೆಸ್ಟ್ ಕೇಸನ್ನೇ ಬರೆದುಕೊಡುವ ಎಐ ಬಂತು. 11 ಜನರ ತಂಡದಲ್ಲಿ ಉಳಿದದ್ದು 4 ಜನ. ಅವರಲ್ಲಿ ನಾನಿರಲಿಲ್ಲ. ಮನೆ ಸಾಲದ ಇಎಂಐ ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತಿತ್ತು.

ಮೊದಲು ಲೆಕ್ಕ

ದಿಕ್ಕು ಹುಡುಕುವುದಕ್ಕೂ ಸ್ವಲ್ಪ ಸಮಯ ಬೇಕಲ್ಲ, ಆ ಸಮಯ ಎಷ್ಟಿದೆ ಅಂತ ಮೊದಲು ನೋಡಿಕೊಂಡೆ. ಒಂದೇ ಕಡೆ 5 ವರ್ಷ ಪೂರೈಸಿದ್ದರೆ ಗ್ರಾಚ್ಯುಟಿ ನಿಮ್ಮ ಹಕ್ಕು. ಪ್ರತಿ ವರ್ಷದ ಸೇವೆಗೆ 15 ದಿನದ ವೇತನದ ಲೆಕ್ಕ. ಇನ್ನೊಂದು ಆರೋಗ್ಯ ವಿಮೆ. ಕೆಲಸ ಬಿಟ್ಟರೆ ಕಂಪನಿಯ ಗುಂಪು ವಿಮೆಯೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಹೊಸದಾಗಿ ಪಾಲಿಸಿ ಕೊಂಡರೆ ಈಗಾಗಲೇ ಇರುವ ಕಾಯಿಲೆಗಳಿಗೆ 3 ವರ್ಷದವರೆಗೂ ಕಾಯಬೇಕಾಗಬಹುದು. ಹಾಗಾಗಿ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತಾ ಅಂತ ಕೊನೆಯ ದಿನಕ್ಕೆ ಮೊದಲೇ ಎಚ್‌ಆರ್ ಬಳಿ ಕೇಳಿ. ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದ್ದದ್ದರಿಂದ ನಮಗಿದು ದೊಡ್ಡ ವಿಷಯವಾಗಿತ್ತು.

ಎರಡು ಪಟ್ಟಿ

ದಾರಿ ತೋರಿಸಿದ್ದು ಚಿಕ್ಕಮ್ಮ. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್, ನುಡಿ ತಂತ್ರಾಂಶ ಬಂದಾಗ ಕೀಲಿಗಳ ಜಾಗವೇ ಬದಲಾಗಿತ್ತಂತೆ. "ಟೈಪಿಂಗ್ ಮತ್ತೆ ಕಲಿತೆ ಕಣೇ. ಆದ್ರೆ ಯಾವ ಫೈಲಿಗೆ ಹೇಗೆ ಟಿಪ್ಪಣಿ ಬರೀಬೇಕು ಅನ್ನೋದನ್ನ ಯಾರೂ ಹೊಸದಾಗಿ ಕಲಿಸಬೇಕಾಗಿರ್ಲಿಲ್ಲ. ಸಾಹೇಬ್ರು ನನ್ನನ್ನ ಉಳಿಸಿಕೊಂಡಿದ್ದೇ ಅದಕ್ಕೆ" ಅಂದರು.

ಅವತ್ತೇ ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆದೆ. ಎಡಗಡೆ ನನಗೆ ಗೊತ್ತಿದ್ದ ಟೂಲ್‌ಗಳು, ಅರ್ಧಕ್ಕರ್ಧ ಹಳೆಯವು. ಬಲಗಡೆ, ಕೆಲಸ ಮಾಡುತ್ತಾ ಮಾಡುತ್ತಾ ತಲೆಗೆ ಹತ್ತಿದ್ದು: ಡಿಸ್‌ಚಾರ್ಜ್ ಬಿಲ್ ಹೇಗೆ ತಯಾರಾಗುತ್ತೆ, ಕ್ಲೇಮ್ ಯಾವ ಕಾಗದಕ್ಕಾಗಿ ನಿಲ್ಲುತ್ತೆ, ರೂಮ್ ಬಾಡಿಗೆ ಮಿತಿ ದಾಟಿದರೆ ಬೇರೆ ಖರ್ಚುಗಳಲ್ಲೂ ಯಾಕೆ ಕಡಿತವಾಗುತ್ತೆ. ಈ ಪಟ್ಟಿಯೇ ಉದ್ದವಿತ್ತು.

ಆಮೇಲೆ ಪರಿಚಯದವರ ಮೂಲಕ ಆಸ್ಪತ್ರೆಯ ವಿಮಾ ಡೆಸ್ಕ್ ಮತ್ತು ಕ್ಲೇಮ್ ವಿಭಾಗದ 6 ಜನರೊಂದಿಗೆ ಮಾತಾಡಿದೆ. "ಕೆಲಸ ಖಾಲಿ ಇದ್ಯಾ?" ಅಂತ ಕೇಳಲಿಲ್ಲ. "ದಿನದಲ್ಲಿ ಯಾವ ಕೆಲಸ ನಿಮಗೆ ತಲೆನೋವು?" ಅಂತ ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ: ಸಮಯ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೊಸ ನಿಯಮ ತಂದಿದೆ. ಕ್ಯಾಶ್‌ಲೆಸ್ ಕೋರಿಕೆಗೆ ವಿಮಾ ಕಂಪನಿ 1 ಗಂಟೆಯಲ್ಲಿ, ಡಿಸ್‌ಚಾರ್ಜ್ ವೇಳೆಯ ಅಂತಿಮ ಒಪ್ಪಿಗೆಗೆ 3 ಗಂಟೆಯಲ್ಲಿ ಉತ್ತರ ಕೊಡಬೇಕು. ಬಿಲ್ ಮತ್ತು ಸಾಫ್ಟ್‌ವೇರ್ ಎರಡನ್ನೂ ಬಲ್ಲವರು ಅವರಿಗೆ ಬೇಕಿತ್ತು.

ನಾಲ್ಕು ತಿಂಗಳ ನಂತರ ಕ್ಲೇಮ್ ಪ್ರಕ್ರಿಯೆ ಸುಧಾರಿಸುವ ತಂಡವೊಂದಕ್ಕೆ ಸೇರಿದೆ. ಸಂಬಳ ಮೊದಲಿಗಿಂತ ಕಾಲು ಭಾಗ ಕಡಿಮೆ. ಬ್ಯಾಂಕಿಗೆ ಹೋಗಿ ಸಾಲದ ಅವಧಿ ಹೆಚ್ಚಿಸಿಕೊಂಡು ಇಎಂಐ ಇಳಿಸಿಕೊಂಡೆವು. ಬಡ್ಡಿ ಒಟ್ಟಾರೆ ಜಾಸ್ತಿಯಾಗುತ್ತೆ, ಗೊತ್ತು. ಆದರೆ ಸದ್ಯಕ್ಕೆ ಉಸಿರಾಡಲು ಜಾಗ ಸಿಕ್ಕಿತು.

ಕೋರ್ಸ್ ಬೇಡ ಅಂತಲ್ಲ. ಬಲಗಡೆಯ ಪಟ್ಟಿಗೆ ಯಾವುದು ಜೊತೆಯಾಗುತ್ತೋ ಅದನ್ನು ಆರಿಸಿ. ನಾನು ಡೇಟಾಬೇಸ್ ಪಾಠಗಳನ್ನು ಎನ್‌ಪಿಟಿಇಎಲ್‌ನಲ್ಲಿ ನೋಡಿ ಕಲಿತೆ. ಪಾಠ ಉಚಿತ, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷೆಗೆ ಶುಲ್ಕ.

ಕ್ಲೇಮ್ ಕಾಗದ ಓದುವ ಎಐ ಇಲ್ಲಿಗೂ ಬಂದಿದೆ. ಅದು ತಳ್ಳಿಹಾಕಿದ ಫೈಲುಗಳನ್ನು ಮತ್ತೆ ನೋಡುವುದು ಈಗ ನನ್ನ ಕೆಲಸದ ಒಂದು ಭಾಗ. ಹೋದ ವಾರ ಬಲಗಡೆಯ ಪಟ್ಟಿಗೆ ಅದನ್ನೂ ಸೇರಿಸಿದೆ.