ಅನುಭವದಿಂದ ಸೂತ್ರಕ್ಕೆ: ಸೇನಾಸಿದ್ಧಾಂತ ಮತ್ತು ಜ್ಞಾನನಿರ್ವಹಣೆ

ಯುದ್ಧವನ್ನು ಹೇಗೆ ನಡೆಸಬೇಕೆಂಬುದರ ಬಗ್ಗೆ ಸೈನ್ಯವೊಂದು ಒಪ್ಪಿ ಬರೆದಿರಿಸಿಕೊಂಡ ಮೂಲತತ್ತ್ವಗಳೇ ಸೇನಾಸಿದ್ಧಾಂತ. ಕೇಶಿರಾಜನು ಪೂರ್ವಕವಿಗಳ ಪ್ರಯೋಗಗಳನ್ನು ಲಕ್ಷ್ಯವಾಗಿರಿಸಿಕೊಂಡು ಸೂತ್ರಗಳನ್ನು ರಚಿಸಿದನೆಂಬುದನ್ನು ನಾವು ಓದಿದ್ದೇವೆ. ಸೇನಾಸಿದ್ಧಾಂತಕ್ಕೂ ಲಕ್ಷ್ಯ ಬೇಕು. ಆದರೆ ಅದರ ಬಹುಪಾಲು ಓಲೆಗರಿಯಲ್ಲಿರುವುದಿಲ್ಲ, ಯೋಧರ ನೆನಪಿನಲ್ಲಿರುತ್ತದೆ. ಯೋಧನು ಮಡಿದರೆ ಅಥವಾ ಮನೆಗೆ ಮರಳಿದರೆ ಸೇನೆಗೆ ಅದು ಇಲ್ಲವಾಗುತ್ತದೆ. ಹೀಗೆ ಚದುರಿಹೋಗುವ ಅರಿವನ್ನು ಕಲೆಹಾಕಿ, ಸೋಸಿ, ಮುಂದಿನವರಿಗೆ ತಲುಪಿಸುವ ವ್ಯವಸ್ಥೆಯನ್ನು ಇಂದು ಜ್ಞಾನನಿರ್ವಹಣೆ ಎನ್ನುತ್ತಾರೆ.

ಹೆಸರು ಹೊಸದು, ಕಾರ್ಯ ಹಳೆಯದು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಸೇನೆಯನ್ನು ವರ್ಸೇಲ್ಸ್ ಒಪ್ಪಂದವು 1 ಲಕ್ಷಕ್ಕೆ, ಅದರಲ್ಲಿ ಅಧಿಕಾರಿಗಳ ಸಂಖ್ಯೆಯನ್ನು 4,000ಕ್ಕೆ ಮಿತಿಗೊಳಿಸಿತು. ನಾಲ್ಕು ವರ್ಷ ರಣರಂಗವನ್ನು ಕಂಡವರಲ್ಲಿ ಬಹುಮಂದಿ ಸೇನೆಯನ್ನು ತೊರೆಯಬೇಕಾದ ಹೊತ್ತದು. 1919ರ ಡಿಸೆಂಬರಿನಲ್ಲಿ ಜನರಲ್ ಹಾನ್ಸ್ ಫಾನ್ ಸೀಕ್ಟ್ 57 ಸಮಿತಿಗಳನ್ನು ನೇಮಿಸಿ, ಯುದ್ಧಾನುಭವವನ್ನು ಪರಿಶೀಲಿಸಲು ಆಜ್ಞಾಪಿಸಿದನು. ಅವನು ಕೇಳಿದ ಪ್ರಶ್ನೆಗಳು ಗಮನಾರ್ಹ. ಮೊದಲು ಊಹಿಸಿರದ ಯಾವ ಸನ್ನಿವೇಶಗಳು ಎದುರಾದವು? ಅವನ್ನು ಎದುರಿಸಲು ನಮ್ಮ ಹಳೆಯ ಅಭಿಪ್ರಾಯಗಳು ಎಷ್ಟು ನೆರವಾದವು? ಹೊಸ ಆಯುಧಗಳಿಂದ ಯಾವ ಹೊಸ ನಿಯಮಗಳು ಮೂಡಿದವು? ಇನ್ನೂ ಪರಿಹಾರ ಕಾಣದ ಸಮಸ್ಯೆಗಳಾವುವು? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ನನಗೆ ತೋರುತ್ತದೆ. ಆಜ್ಞೆಗೆ ತಲೆಬಾಗುವುದೇ ಧರ್ಮವಾಗಿರುವ ಸಂಸ್ಥೆಯಲ್ಲಿ, ‘ಇದಕ್ಕೆ ಉತ್ತರ ದೊರೆತಿಲ್ಲ’ ಎಂದು ಮೇಲಧಿಕಾರಿಗೆ ಬರೆದು ತಿಳಿಸಲು ಅದು ಅವಕಾಶ ನೀಡಿತು. 1921ರಿಂದ ಪ್ರಕಟವಾದ ಹೊಸ ಯುದ್ಧನಿಯಮಾವಳಿಗೆ ಈ ಪರಿಶೀಲನೆಯೇ ತಳಹದಿಯಾಯಿತು.

ಗೆದ್ದ ಬ್ರಿಟನ್ ಇಂಥದೇ ಪರಾಮರ್ಶೆಗಾಗಿ ಕರ್ಕ್ ಸಮಿತಿಯನ್ನು ನೇಮಿಸಿದ್ದು 1932ರಲ್ಲಿ. ಯುದ್ಧ ಮುಗಿದು ಅಷ್ಟರಲ್ಲಿ 14 ವರ್ಷ ಕಳೆದಿತ್ತು. ಅಷ್ಟು ಕಾಲದಲ್ಲಿ ನೆನಪು ಮಾಸುತ್ತದೆ, ಇಲ್ಲವೇ ಕಥೆಯಾಗುತ್ತದೆ.

ಅಮೆರಿಕದ ಭೂಸೇನೆಯು ಅನುಭವಪಾಠಗಳ ಸಂಗ್ರಹಕ್ಕೆಂದೇ 1985ರಲ್ಲಿ ಫೋರ್ಟ್ ಲೆವೆನ್‌ವರ್ತ್‌ನಲ್ಲಿ ಕೇಂದ್ರವೊಂದನ್ನು ಸ್ಥಾಪಿಸಿತು. 2009ರಲ್ಲಿ ಏಳು ಕೈಪಿಡಿಗಳನ್ನು ವಿಕಿ ರೂಪದಲ್ಲಿರಿಸಿ, ಸೈನಿಕರೇ ತಿದ್ದಬಹುದೆಂದು ಆಹ್ವಾನಿಸಿತು. ಸಾಧನ ಸಿದ್ಧವಿತ್ತು, ಬರೆಯಲು ಮುಂದಾದವರು ವಿರಳ.

ಸೀಕ್ಟನ ಪ್ರಶ್ನಾವಳಿಗೂ ಒಂದು ಎಲ್ಲೆಯಿತ್ತು. ಹೇಗೆ ಕಾದಬೇಕೆಂದು ಅದು ನಿಷ್ಠುರವಾಗಿ ಕೇಳಿತು; ಗೆಲ್ಲಲಾಗದ ಯುದ್ಧಕ್ಕೆ ರಾಷ್ಟ್ರವು ಏಕೆ ಇಳಿಯಿತೆಂದು ಕೇಳಲಿಲ್ಲ. ಆ ತಳಹದಿಯ ಮೇಲೆ ಬೆಳೆದ ಸೇನೆಯೇ 1939ರಲ್ಲಿ ಪೋಲೆಂಡಿನ ಗಡಿ ದಾಟಿತು.