ಬೇಳೆಕಾಳು ಮಣ್ಣಿಗೆ ಮಾಡುವ ಉಪಕಾರ

ಒಂದೇ ಹೊಲದಲ್ಲಿ ವರ್ಷವರ್ಷವೂ ರಾಗಿಯನ್ನೇ ಬಿತ್ತಿದರೆ ಪೈರು ಸೊರಗುವುದೆಂಬುದನ್ನು ನಮ್ಮ ಹಿರಿಯರು ಅನುಭವದಿಂದ ಅರಿತಿದ್ದರು. ಆದುದರಿಂದಲೇ ರಾಗಿಯ ನಡುವೆ ಅವರೆ ತೊಗರಿಗಳ ಅಕ್ಕಡಿಯನ್ನು ಹಾಕುವ, ರಾಗಿ ಬೆಳೆದ ಹೊಲಕ್ಕೆ ಮುಂದಿನ ಸರದಿಯಲ್ಲಿ ಹುರುಳಿಯನ್ನು ಬಿತ್ತುವ ಪದ್ಧತಿಯು ನಮ್ಮ ನಾಡಿನಲ್ಲಿ ಬೆಳೆದುಬಂದಿತು. ಇದರ ಕಾರಣವನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಸಾರಜನಕವಿಲ್ಲದೆ ಯಾವ ಗಿಡವೂ ಬೆಳೆಯಲಾರದು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇರುವುದು. ಆದರೂ, ಕಡಲ ನಡುವೆ ಬಾಯಾರಿದವನಂತೆ, ರಾಗಿಯ ಗಿಡವು ಅದನ್ನು ನೇರವಾಗಿ ಉಪಯೋಗಿಸಲಾರದು. ಮಣ್ಣಿನಲ್ಲಿ ಕರಗಿರುವುದನ್ನು ಮಾತ್ರ ಬೇರಿನಿಂದ ಹೀರಬಲ್ಲುದು.

ಬೇಳೆಕಾಳುಗಳ ಸ್ಥಿತಿ ಬೇರೆ. ಜರ್ಮನಿಯ ಹೆಲ್‌ರೀಗೆಲ್ ಎಂಬ ಪಂಡಿತರು ಬಟಾಣಿಯನ್ನೂ ಓಟ್ಸ್ ಧಾನ್ಯವನ್ನೂ ಸಾರಜನಕವಿಲ್ಲದ ಮರಳಿನಲ್ಲಿ ಬೆಳೆಯಿಸಿ ನೋಡಿದರು. ಓಟ್ಸ್ ಸೊರಗಿತು, ಬಟಾಣಿಯೋ, ಹೊಲದ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಎರೆದೊಡನೆ ಚೇತರಿಸಿಕೊಂಡಿತು. ಆ ನೀರನ್ನು ಕುದಿಸಿ ಎರೆದರೆ ಫಲವಿಲ್ಲ. ಉಪಕಾರಿಗಳು ಜೀವವುಳ್ಳವೆಂದು ಇದರಿಂದ ಸ್ಪಷ್ಟವಾಯಿತು. 1886ರಲ್ಲಿ ಅವರು ಈ ಸಂಗತಿಯನ್ನು ಪ್ರಕಟಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕರು ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ಬೆಳೆಯಿಸಿದರು.

ಹೂ ಬಿಡುವ ಸಮಯದಲ್ಲಿ ಅವರೆ ಗಿಡವೊಂದನ್ನು ಮೆಲ್ಲನೆ ಅಗೆದು ಬೇರನ್ನು ತೊಳೆದರೆ ಸಣ್ಣ ಗಂಟುಗಳು ಕಾಣುವುವು. ಇವೇ ಆ ಜೀವಿಗಳ ಮನೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಕೆಂಪಾಗಿದ್ದರೆ ಕೆಲಸ ನಡೆಯುತ್ತಿದೆಯೆಂದು ತಿಳಿಯಬೇಕು. ಗಿಡವು ಅವಕ್ಕೆ ಸಕ್ಕರೆಯನ್ನು ಕೊಡುವುದು. ಅವು ಗಿಡಕ್ಕೆ ಗಾಳಿಯ ಸಾರಜನಕವನ್ನು ಒದಗಿಸುವುವು.

ರಾಗಿಯ ಕೂಳೆ ಗಡುಸು. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಕೆಲಕಾಲ ಹಿಡಿದಿಟ್ಟುಕೊಳ್ಳುವುವು. ಬೇಳೆಕಾಳಿನ ಎಲೆಬೇರುಗಳಲ್ಲಿ ಸಾರಜನಕ ಹೆಚ್ಚು. ಅವು ಬೇಗನೆ ಕೊಳೆತು ಮುಂದಿನ ಪೈರಿಗೆ ಆಹಾರವಾಗುವುವು. ಇದಲ್ಲದೆ, ಬೇರುಗಳು ಬದಲಾದಂತೆ ಮಣ್ಣಿನ ಜೀವಿಗಳಿಗೆ ಬಗೆಬಗೆಯ ಆಹಾರ ದೊರೆಯುವುದು. ಒಂದೇ ಪೈರನ್ನು ನಂಬಿದ ಅನೇಕ ರೋಗಗಳೂ ಕೀಟಗಳೂ ಉಪವಾಸ ಬೀಳುವುವು.

ಆದರೆ ಒಂದು ಎಚ್ಚರಿಕೆ ಅವಶ್ಯ. ಗಿಡದ ಸಾರಜನಕದಲ್ಲಿ ಬಹುಪಾಲು ಕಾಳಿನಲ್ಲಿ ಸೇರಿ ಮನೆಗೆ ಬರುವುದು. ಹುರುಳಿಯನ್ನು ಬೇರುಸಹಿತ ಕಿತ್ತು, ಹೊಟ್ಟನ್ನೂ ಹೊರಗೆ ಸಾಗಿಸಿದರೆ, ಹೊಲಕ್ಕೆ ಉಳಿಯುವುದು ಅತ್ಯಲ್ಪ. ಕೆಲವು ವೇಳೆ ನಷ್ಟವೇ ಆದೀತು. ಬೇಳೆಕಾಳನ್ನು ಬಿತ್ತಿದ ಮಾತ್ರಕ್ಕೆ ಭೂಮಿ ಫಲವತ್ತಾಗುವುದೆಂದು ನಾವು ನಂಬಿ ಕುಳಿತುಕೊಳ್ಳಲಾಗದು. ಗಿಡವನ್ನು ಬುಡದಲ್ಲಿ ಕೊಯ್ದು ಬೇರನ್ನು ಮಣ್ಣಿನಲ್ಲೇ ಬಿಡತಕ್ಕದ್ದು. ಉದುರಿದ ಎಲೆಯನ್ನು ಸುಡದೆ ಉಳಿಸತಕ್ಕದ್ದು. ದನಗಳು ತಿಂದ ಹೊಟ್ಟು ಗೊಬ್ಬರವಾಗಿ ಅದೇ ಹೊಲಕ್ಕೆ ಹಿಂದಿರುಗತಕ್ಕದ್ದು.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಗೊಬ್ಬರದ ಸಾಲವು ದೊಡ್ಡ ಚಿಂತೆಯಾಗಿರುವುದು. ಆ ಭಾರವೆಲ್ಲವನ್ನೂ ಅವರೆಯ ಬೇರು ಹೊರಲಾರದು. ಒಂದು ಪಾಲನ್ನು ಹೊತ್ತೀತು. ರಜೆಯಲ್ಲಿ ಊರಿಗೆ ಹೋದಾಗ ನಾವು ಒಂದು ಗಿಡವನ್ನು ಅಗೆದು ಆ ಕೆಂಪು ಗಂಟುಗಳನ್ನು ಮನೆಯವರಿಗೆ ತೋರಿಸೋಣ. ಕಣ್ಣಾರೆ ಕಂಡವರು ಬೇರನ್ನು ಕೀಳುವ ಮೊದಲು ಒಮ್ಮೆ ಆಲೋಚಿಸದಿರರು.